ಹಳೆ ಹಾರ್ಡ್ ಡಿಸ್ಕ್, ಹೊಸ ಕಂಪ್ಯೂಟರ್

ನಿಮ್ಮ ಮನೆಯಲ್ಲಿ ಹಳೆಯ ಕಂಪ್ಯೂಟರ್ ಇದೆಯೇ? ಚಾಲೂ ಆಗದೆ ಮೂಲೆಯಲ್ಲಿ ಕುಂತಿದೆಯೇ? ಅದನ್ನು ಭಂಗಾರದವನಿಗೆ ಹಾಕುವ ಮೊದಲು ಸ್ವಲ್ಪ ತಡೀರಿ. ಅದರೊಳಗೆ ಮಗಳ ಮದುವೆಯ ಫೋಟೊ ಇರಬಹುದು. ತೀರಿಹೋದ ಅಜ್ಜಿ ಹಾಡಿದ ಹಾಡು ಇರಬಹುದು. ಮಹಿಳಾ ಸಂಘದ ಉಳಿತಾಯದ ಲೆಕ್ಕ ಇರಬಹುದು.

ಇವೆಲ್ಲ ಇರೋದು ಹಾರ್ಡ್ ಡಿಸ್ಕ್ ಎಂಬ ಡಬ್ಬಿಯಲ್ಲಿ. ಅಂಗೈ ಅಗಲದ ಲೋಹದ ಡಬ್ಬಿ ಅದು. ಕೈಯಲ್ಲಿ ಹಿಡಿದರೆ ಭಾರ. ಗಾಡಿ ಮುರಿದರೆ ಗಾಡಿಯಲ್ಲಿನ ಜೋಳ ಕೆಡುತ್ತದೇನು? ಹಾಗೆಯೇ ಕಂಪ್ಯೂಟರ್ ಕೆಟ್ಟರೂ ಡಿಸ್ಕ್ ಚೆನ್ನಾಗಿಯೇ ಇರಬಹುದು. ಅದನ್ನು ಬಿಚ್ಚಿ ಹೊಸ ಕಂಪ್ಯೂಟರಿಗೆ ಜೋಡಿಸಬಹುದು.

ಆದರೆ ನೇರವಾಗಿ ಜೋಡಿಸಲು ಬರೋದಿಲ್ಲ. ಹಳೆಯ ಡಿಸ್ಕಿನ ಹಿಂದೆ ಎರಡು ಸಾಲು ಸಣ್ಣ ಸೂಜಿಗಳಿರುತ್ತವೆ. ಒಟ್ಟು 40 ಸೂಜಿಯ ಜಾಗ. ಇದಕ್ಕೆ ಐ.ಡಿ.ಇ. ಎನ್ನುತ್ತಾರೆ. 2003ರ ಸುಮಾರಿಗೆ ಸಾಟಾ ಎಂಬ ಹೊಸ ಬಗೆ ಬಂತು. ಅದರ ವಾಯರು ಸಣ್ಣದು, ಚಪ್ಪಟೆ. ಈಗಿನ ಕಂಪ್ಯೂಟರಿನಲ್ಲಿ ಐ.ಡಿ.ಇ. ಜಾಗವೇ ಇಲ್ಲ. ನಡುವೆ ಒಬ್ಬ ದುಭಾಷಿ ಬೇಕು. ಆ ದುಭಾಷಿಯೇ ಅಡಾಪ್ಟರ್. ಅದರ ಒಂದು ತುದಿ ಹಳೆ ಡಿಸ್ಕಿಗೆ, ಇನ್ನೊಂದು ತುದಿ ಯು.ಎಸ್.ಬಿ. ಕಿಂಡಿಗೆ. ಪೆನ್ ಡ್ರೈವ್ ಹಾಕುತ್ತೀರಲ್ಲ, ಅದೇ ಕಿಂಡಿ.

ಕೊಳ್ಳುವಾಗ ಅಂಗಡಿಯವರನ್ನು ಎರಡು ಮಾತು ಕೇಳಿ. ಇದಕ್ಕೆ ಐ.ಡಿ.ಇ. ಡಿಸ್ಕ್ ಹತ್ತುತ್ತದೆಯೇ? ಜೊತೆಗೆ ಬೇರೆ ಕರೆಂಟ್ ವಾಯರು ಇದೆಯೇ? ಎರಡನೆಯದು ಬಹಳ ಮುಖ್ಯ. ದೊಡ್ಡ ಡಿಸ್ಕಿನೊಳಗೆ ತಟ್ಟೆಗಳಿವೆ. ಅವು ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತವೆ. ಅದಕ್ಕೆ 12 ವೋಲ್ಟ್ ಬೇಕು. ಯು.ಎಸ್.ಬಿ. ಕಿಂಡಿ ಸಾಮಾನ್ಯವಾಗಿ ಕೊಡುವುದು 5 ವೋಲ್ಟ್ ಮಾತ್ರ. ಲ್ಯಾಪ್‌ಟಾಪಿನ ಸಣ್ಣ ಡಿಸ್ಕಿಗೆ 5 ವೋಲ್ಟ್ ಸಾಕು.

ಜೋಡಿಸುವಾಗ ಬಲ ಹಾಕಬೇಡಿ. ಸೂಜಿ ಬಾಗಿದರೆ ಕೆಲಸ ಕೆಟ್ಟಿತು. ನಡುವೆ ಒಂದು ಸೂಜಿ ಇಲ್ಲದಿದ್ದರೆ ಗಾಬರಿ ಬೇಡ, ಅದು ಮುರಿದದ್ದಲ್ಲ. ತಲೆಕೆಳಗಾಗಿ ಹಾಕಬಾರದೆಂದು ಹಾಗೆ ಬಿಟ್ಟಿರುತ್ತಾರೆ. ಪಕ್ಕದಲ್ಲಿ ಜಂಪರ್ ಎಂಬ ಕಾಳಿನಷ್ಟು ತುಣುಕು ಇರುತ್ತದೆ. ಡಿಸ್ಕಿನ ಮೇಲಿನ ಚೀಟಿ ನೋಡಿ ಅದನ್ನು ‘ಮಾಸ್ಟರ್’ ಜಾಗಕ್ಕೆ ಹಾಕಿ. ಡಿಸ್ಕಿಗೆ ಮೊದಲು ಕರೆಂಟ್ ಕೊಡಿ, ಆಮೇಲೆ ಯು.ಎಸ್.ಬಿ. ಹಾಕಿ. ತಿರುಗುವಾಗ ಅದನ್ನು ಎತ್ತಬೇಡಿ, ಅಲುಗಿಸಬೇಡಿ.

ಈಗ ಜೋಪಾನ. ಕೆಲವು ಸಲ ‘ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು’ ಎಂದು ಪರದೆ ಮೇಲೆ ಬರುತ್ತದೆ. ಒತ್ತಬೇಡಿ! ಫಾರ್ಮ್ಯಾಟ್ ಎಂದರೆ ಪಾಟಿ ಒರೆಸಿದ ಹಾಗೆ. ‘ಬೇಡ’ ಎನ್ನಿ, ತಿಳಿದವರಿಗೆ ತೋರಿಸಿ. ಡಿಸ್ಕಿನಿಂದ ಟಕ್ ಟಕ್ ಸದ್ದು ಬಂದರೂ ಕೂಡಲೇ ಬಂದ್ ಮಾಡಿ. ಮತ್ತೆ ಮತ್ತೆ ಹಾಕಿ ನೋಡಿದರೆ ಇದ್ದದ್ದೂ ಹೋದೀತು.

ನಮ್ಮ ಗಡಿ ಊರುಗಳವರಿಗೆ ಇನ್ನೊಂದು ತೊಡಕು ಇದೆ. ಹಳೆಯ ಕನ್ನಡ ಕಾಗದಗಳನ್ನು ನುಡಿ, ಬರಹ ಎಂಬ ತಂತ್ರಾಂಶಗಳಲ್ಲಿ ಹೊಡೆದಿರುತ್ತಾರೆ. ಆ ಅಕ್ಷರದ ಫಾಂಟ್ ಹೊಸ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚುಕ್ಕೆ, ಗೀಟು ಕಾಣುತ್ತವೆ. ಸೊಲ್ಲಾಪುರದ ಅಂಗಡಿಯಲ್ಲಿ ಕನ್ನಡ ಓದಲು ಬಾರದ ಹುಡುಗ ‘ಫೈಲ್ ಕೆಟ್ಟಿದೆ, ಅಳಿಸಲೇ?’ ಎಂದು ಕೇಳಿದರೆ ಹೂಂ ಅನ್ನಬೇಡಿ. ಅದು ಕೆಟ್ಟಿಲ್ಲ. ಅದೇ ಫಾಂಟ್ ಹಾಕಿಸಿದರೆ ಕನ್ನಡ ಕಾಣುತ್ತದೆ. ಯೂನಿಕೋಡ್‌ಗೆ ಬದಲಿಸಿಕೊಂಡರೆ ಇನ್ನೂ ಒಳ್ಳೆಯದು. ಆಗ ಮೊಬೈಲಿನಲ್ಲೂ ಓದಬಹುದು.

ಎಲ್ಲವನ್ನೂ ಎರಡು ಕಡೆ ನಕಲು ಮಾಡಿ. ನಕಲನ್ನು ತೆರೆದು ನೋಡಿ. ಫೋಟೊ ಕಾಣುತ್ತದೆಯೇ, ಹಾಡು ಕೇಳುತ್ತದೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ಅಲ್ಲಿಯವರೆಗೆ ಹಳೆ ಡಿಸ್ಕ್ ಯಾರಿಗೂ ಕೊಡಬೇಡಿ.