ಬೋರಾಮಣಿಯ ಮಡ್ಡಿಯಲ್ಲಿ ತೋಳದ ದಾರಿ ಕಾಯುತ್ತ

ಕಾಡುಪ್ರಾಣಿ ನೋಡಬೇಕೆಂದರೆ ನಮ್ಮವರ ಕಣ್ಣು ದಕ್ಷಿಣಕ್ಕೇ ತಿರುಗುತ್ತದೆ. ಕಬಿನಿ, ಬಂಡೀಪುರ, ನಾಗರಹೊಳೆ. ವಿಜಯಪುರ, ಕಲಬುರಗಿ ಕಡೆಯವರೂ ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಅಲ್ಲಿಗೇ ಹೋಗುತ್ತಾರೆ. ಹುಲಿ ಕಂಡರೆ ಹಬ್ಬ, ಕಾಣದಿದ್ದರೆ ಮುಖ ಸಪ್ಪಗೆ. ಇತ್ತ ಮನೆಯ ಹಿತ್ತಲಲ್ಲೇ ತೋಳ ಓಡಾಡುವ ನೆಲವೊಂದಿದೆ ಎಂಬುದು ಎಷ್ಟೋ ಜನರಿಗೆ ಗೊತ್ತೇ ಇಲ್ಲ.

ಸೋಲಾಪುರದಿಂದ ಹೈದರಾಬಾದ್ ಹೆದ್ದಾರಿ ಹಿಡಿದು ನಳದುರ್ಗದ ಕಡೆ ಹೊರಟರೆ ಸಿಗುವ ಊರು ಬೋರಾಮಣಿ. ಇದು ದಕ್ಷಿಣ ಸೋಲಾಪುರ ತಾಲ್ಲೂಕು, ಪಕ್ಕದ್ದು ಅಕ್ಕಲಕೋಟೆ. ಸರ್ಕಾರಿ ಕಾಗದ ಮರಾಠಿಯಲ್ಲಿದ್ದರೂ ಹೊಲದ ಬದುವಿನ ಮೇಲೆ, ಸಂತೆಯಲ್ಲಿ ಕನ್ನಡ ಧಾರಾಳವಾಗಿ ಓಡಾಡುವ ಸೀಮೆ. ಊರ ಸುತ್ತ ಎರೆಹೊಲ. ಮಧ್ಯೆ ಅಲ್ಲಲ್ಲಿ ಕಲ್ಲು ಎದ್ದು ಕಾಣುವ, ಮೊಣಕಾಲೆತ್ತರ ಹುಲ್ಲು ಬೆಳೆಯುವ ಮಡ್ಡಿ. ಮರಾಠಿಯವರು ಅದನ್ನು ಮಾಳರಾನ್ ಎನ್ನುತ್ತಾರೆ. ಕಂದಾಯದವರಿಗೆ ಅದು ಬಹುಕಾಲ ಬರೀ ಬೀಳು. ಆ ಬೀಳಿನಲ್ಲೇ ತೋಳ, ಚಿಗರಿ, ಕತ್ತೆಕಿರುಬ, ಸಣ್ಣ ಜಾತಿಯ ನರಿ, ನೆಲದ ಮೇಲೆ ಮೊಟ್ಟೆಯಿಡುವ ಹತ್ತಾರು ಬಗೆಯ ಹಕ್ಕಿಗಳು ಬದುಕಿವೆ.

ಈ ಸೀಮೆಗೆ ಹೆಸರು ತಂದದ್ದು ತೋಳವಲ್ಲ, ಮಾಳಢೋಕ. ನಮ್ಮಲ್ಲಿ ಎರ್ಲಡ್ಡು ಎಂದು ಕರೆಯುವ, ಮೀಟರ್ ಎತ್ತರದ, ಗಂಡು 15 ಕಿಲೋವರೆಗೂ ತೂಗಬಲ್ಲ ಗ್ರೇಟ್ ಇಂಡಿಯನ್ ಬಸ್ಟರ್ಡ್. ಸೋಲಾಪುರದ ಉತ್ತರಕ್ಕೆ ಬಾರ್ಶಿ ರಸ್ತೆಯಲ್ಲಿರುವ ನಾನ್ನಜ್ ಬಳಿ ಬರಪೀಡಿತ ಪ್ರದೇಶ ಯೋಜನೆಯಡಿ ಹುಲ್ಲಿನ ತಾಕುಗಳನ್ನು ಕಾಪಾಡಿದಾಗ ಅದು ಅಲ್ಲಿ ನೆಲೆ ನಿಂತಿತು. 1979ರಲ್ಲಿ ಅಭಯಾರಣ್ಯದ ಘೋಷಣೆಯಾಯಿತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಅಸದ್ ರಹಮಾನಿ ಮತ್ತು ಜೊತೆಗಾರರು 80ರ ದಶಕದಲ್ಲಿ ಇಲ್ಲಿ ಕೂತು ಆ ಹಕ್ಕಿಯ ಬಾಳ್ವೆಯನ್ನು ಬರೆದಿಟ್ಟರು. ಆದರೆ ಘೋಷಣೆಯಾದ ವಿಸ್ತೀರ್ಣ ಸುಮಾರು 8,500 ಚದರ ಕಿ.ಮೀ.! ಅದರೊಳಗೆ ಊರು, ಪೇಟೆ, ಕಬ್ಬಿನ ಗದ್ದೆ ಎಲ್ಲ ಸೇರಿದ್ದವು. ತಮ್ಮ ಹೊಲ ಮಾರಲಿಕ್ಕೂ ತೊಡಕಾದ ರೈತರಿಗೆ ಹಕ್ಕಿಯೇ ವೈರಿಯಾಯಿತು. ಕೊನೆಗೆ ಅದನ್ನು ಸುಮಾರು 1,222 ಚ.ಕಿ.ಮೀ.ಗೆ ಇಳಿಸುವ ಹೊತ್ತಿಗೆ ಹಕ್ಕಿಯೂ ಕರಗಿತ್ತು. ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮೊಟ್ಟೆಯಿಡುವ ಜೀವ ಅದು. ದೇಶದಲ್ಲಿ ಉಳಿದಿರುವ 150ಕ್ಕೂ ಕಡಿಮೆ ಹಕ್ಕಿಗಳಲ್ಲಿ ಬಹುಪಾಲು ರಾಜಸ್ಥಾನದಲ್ಲಿವೆ. ಆದ್ದರಿಂದ ಮಾಳಢೋಕ ನೋಡುವ ಆಸೆಯಿಟ್ಟುಕೊಂಡು ಸೋಲಾಪುರದ ಟಿಕೆಟ್ ತೆಗೆಸಬೇಡಿ. ಯಾರಾದರೂ ತೋರಿಸುತ್ತೇನೆಂದು ಹಣ ಕೇಳಿದರೆ ಅವರ ಜೊತೆ ಹೋಗಲೂಬೇಡಿ.

ತೋಳಕ್ಕಾಗಿ ಹೋಗಿ. ದೇಶದಲ್ಲಿ ತೋಳಗಳೂ ಸುಮಾರು 3 ಸಾವಿರವೆಂಬ ಅಂದಾಜಿದೆ, ಹುಲಿಗಿಂತಲೂ ಕಡಿಮೆ. ಹುಲಿಗಿರುವಂತೆ ಕಾವಲಿನ ಕಾಡು ಅದಕ್ಕಿಲ್ಲ. ಹಗಲು ಹುಲ್ಲಿನಲ್ಲೋ ಕಬ್ಬಿನಲ್ಲೋ ಮಲಗಿ, ಸಂಜೆ ಕುರಿಹಿಂಡಿನ ಬೆನ್ನು ಹತ್ತುವ ಪ್ರಾಣಿ. ಅದಕ್ಕೇ ಇಲ್ಲಿನ ಪ್ರವಾಸದ ಲೆಕ್ಕಾಚಾರ ಕಬಿನಿಯಂತಲ್ಲ.

ಮೊದಲು ತಂಡದ ಗಾತ್ರ. ನಾಲ್ಕು ಜನ ಉತ್ತಮ, ಆರಕ್ಕೆ ನಿಲ್ಲಿಸಿ. ಕಾಡಿನಲ್ಲಾದರೆ ಮರದ ಮರೆಯಿದೆ. ಮಡ್ಡಿಯಲ್ಲಿ ನೀವು ತೋಳವನ್ನು ಕಾಣುವ ಮುಂಚೆ ಅದು ನಿಮ್ಮನ್ನು ಕಂಡಿರುತ್ತದೆ. ಎತ್ತಿನಗಾಡಿ, ಬೈಕು, ಜೀಪು ಅದಕ್ಕೆ ರೂಢಿ. ಆದರೆ ಜೀಪಿನಿಂದ ಇಳಿದ ಹತ್ತು ಜನರ ಸಾಲನ್ನು ಅದು ಸಹಿಸುವುದಿಲ್ಲ. ಒಂದು ವಾಹನ, ಒಬ್ಬ ಮಾರ್ಗದರ್ಶಿ, ಇರುವ ಗಾಡಿದಾರಿಯಲ್ಲೇ ಓಡಾಟ. ಇಷ್ಟಿದ್ದರೆ ಮುಕ್ಕಾಲು ಕೆಲಸ ಆದಂತೆ. ಹುಲ್ಲಿನ ಮೇಲೆ ಚಕ್ರ ಇಳಿಸಿದರೆ ಟಿಟ್ಟಿಭ, ಬುರ್ಲಿ, ನೆಲಗುಬ್ಬಿಗಳ ಮೊಟ್ಟೆ ಟೈರಿನಡಿ ಹೋಗುತ್ತದೆ. ಕಲ್ಲಿನ ಬಣ್ಣದ ಆ ಮೊಟ್ಟೆಗಳು ಡ್ರೈವರನಿಗೆ ಕಾಣುವುದಿಲ್ಲ.

ಎರಡನೆಯದು ಅನುಮತಿ. ಗೇಟಿಲ್ಲ ಎಂದಮಾತ್ರಕ್ಕೆ ಯಜಮಾನರಿಲ್ಲ ಎಂದಲ್ಲ. ಅರಣ್ಯ ಇಲಾಖೆಯ ಗುಂಟೆಯ ಪಕ್ಕದಲ್ಲೇ ಖಾಸಗಿ ಹೊಲ, ಅದಕ್ಕೆ ತಾಗಿ ಗೋಮಾಳ. ಬೋರಾಮಣಿ ಮತ್ತು ಅಕ್ಕಲಕೋಟೆ ಕಡೆಗೆ ಸೋಲಾಪುರದ ಅರಣ್ಯ ವಿಭಾಗದ ಕಚೇರಿಯಲ್ಲಿ ಕೇಳಿ. ನಾನ್ನಜ್ ಅಭಯಾರಣ್ಯದ್ದು ವನ್ಯಜೀವಿ ವಿಭಾಗದ ಆಡಳಿತ, ಅದಕ್ಕೆ ಬೇರೆ ಅನುಮತಿ. ಹೊರಡುವ ದಿನ ಕೇಳುವ ವಿಷಯ ಇದಲ್ಲ; ಎರಡು ವಾರ ಮುಂಚೆ ಕಾಗದ ಹೋಗಿರಲಿ.

ಎಲ್ಲಕ್ಕಿಂತ ಮುಖ್ಯ ಮಾರ್ಗದರ್ಶಿ. ದುಬಾರಿ ಕ್ಯಾಮೆರಾದವರನ್ನು ಹುಡುಕಬೇಡಿ, ಕುರಿಗಾಹಿಯನ್ನು ಹುಡುಕಿ. ರಾತ್ರಿ ತೋಳ ಯಾವ ಕಡೆ ಊಳಿಟ್ಟಿತು, ಯಾರ ಹಟ್ಟಿಯ ಮರಿ ಹೋಯಿತು, ಯಾವ ಹಳ್ಳ ದಾಟಿತು ಎಂಬ ಸುದ್ದಿ ಬೆಳಗಿನ ಚಹಾದ ಹೊತ್ತಿಗೆ ಅವರಲ್ಲಿರುತ್ತದೆ. ನಮಗಿರುವ ಅನುಕೂಲವೆಂದರೆ ಭಾಷೆ. ಪುಣೆ, ಮುಂಬೈಯಿಂದ ಬಂದವರು ಕೈಸನ್ನೆ ಮಾಡುತ್ತ ನಿಂತಾಗ ನೀವು ‘ಕಾಕಾ, ನಿನ್ನಿ ತ್ವಾಳ ಎಲ್ಲಿ ಕಂಡಿತ್ರೀ?’ ಎಂದರೆ ಸಾಕು, ಕಂಬಳಿ ಹಾಸಿ ಕೂಡಿಸಿ ಮಾತಾಡುತ್ತಾರೆ. ಆ ಮಾತಿನಲ್ಲಿ ಸಿಟ್ಟೂ ಇರುತ್ತದೆ, ಕೇಳಿಸಿಕೊಳ್ಳಿ. ಮರಿ ಕಳಕೊಂಡವರ ಮುಂದೆ ತೋಳದ ಅಂದವನ್ನು ಹೊಗಳುವ ಪಟ್ಟಣದ ಉತ್ಸಾಹ ನನಗಂತೂ ಹಿಡಿಸದು. ಅವರ ಅರ್ಧ ದಿನಕ್ಕೆ ನ್ಯಾಯವಾದ ಕೂಲಿಯನ್ನು ಮೊದಲೇ ಮಾತಾಡಿಕೊಂಡು ಕೈಗೇ ಕೊಡಿ.

ಕಾಲದ ಮಾತು. ನವೆಂಬರಿನಿಂದ ಫೆಬ್ರವರಿವರೆಗೆ ಬಿಸಿಲು ಹಿತ, ಹುಲ್ಲು ಹೊನ್ನಬಣ್ಣ. ಮಧ್ಯ ಏಷ್ಯಾ ಕಡೆಯಿಂದ ಬರುವ ಹ್ಯಾರಿಯರ್ ಗಿಡುಗಗಳು ಹುಲ್ಲಿನ ಮೇಲೆ ತೇಲುತ್ತ ಬೇಟೆಯಾಡಿ, ಸಂಜೆ ಹುಲ್ಲಿನಲ್ಲೇ ನೆಲಕ್ಕಿಳಿದು ಮಲಗುವುದು ಆಗಲೇ. ಒಂದು ಎಚ್ಚರ: ತೋಳ ಮರಿ ಹಾಕುವುದೂ ಚಳಿಗಾಲದಲ್ಲೇ. ಗವಿ ಎಲ್ಲಿದೆಯೆಂದು ಕುರಿಗಾಹಿಗೆ ಗೊತ್ತಿದ್ದರೂ ತೋರಿಸಿ ಎನ್ನಬೇಡಿ. ಜನ ಸುಳಿದಾಡಿದರೆ ತಾಯಿ ಮರಿಗಳನ್ನು ಬೇರೆಡೆಗೆ ಹೊರುತ್ತದೆ, ಆ ಸಾಗಾಟದಲ್ಲಿ ಮರಿ ಸಾಯುವುದುಂಟು. ತೋಳ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯ ಪ್ರಾಣಿ. ಕೋಳಿಮಾಂಸ ಎಸೆದು ಕರೆದು ಫೋಟೋ ತೆಗೆಯುವ, ರಾತ್ರಿ ಟಾರ್ಚ್ ಬಿಡುವ ಆಟ ಇಲ್ಲಿ ಬೇಡ. ಸೂರ್ಯ ಹುಟ್ಟುವಾಗ ಎರಡು ತಾಸು, ಮುಳುಗುವ ಮುಂಚೆ ಎರಡು ತಾಸು. ನಡುವಿನ ಬಿಸಿಲಿಗೆ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಇದ್ದೇ ಇದೆ.

ಬೋರಾಮಣಿಯ ಮಡ್ಡಿಯಲ್ಲಿ ಇನ್ನೊಂದು ಬೆರಗಿದೆ. ಮಾಳಢೋಕ, ತೋಳಗಳ ಮೇಲೆ ಕಣ್ಣಿಟ್ಟು ತಿರುಗುತ್ತಿದ್ದ ಸೋಲಾಪುರದ ನಿಸರ್ಗಪ್ರೇಮಿಗಳಿಗೆ ಹುಲ್ಲಿನ ನಡುವೆ ಸಣ್ಣ ಕಲ್ಲುಗಳನ್ನು ಜೋಡಿಸಿದ ದೊಡ್ಡ ಚಕ್ರವ್ಯೂಹ ಸಿಕ್ಕಿತು; 2025ರ ಕೊನೆಗೆ ಸುದ್ದಿಯಾಯಿತು. 15 ಸುತ್ತು, ಅಡ್ಡಳತೆ ಸುಮಾರು 50 ಅಡಿ. ಸಾತವಾಹನರ ಕಾಲದ್ದು, ರೋಮ್‌ ಜೊತೆಗಿನ ವ್ಯಾಪಾರದ ನಂಟಿನದು ಎಂಬುದು ಸಂಶೋಧಕರ ಊಹೆ. ನೋಡುವಾಗ ಹೊರಗೇ ನಿಲ್ಲಿ. ಆ ಕಲ್ಲುಗಳನ್ನು ಹಿಡಿದಿಟ್ಟಿರುವುದು ಬರೀ ಮಣ್ಣು. ಒಂದು ಒದೆತಕ್ಕೆ ಜಾಗ ಬಿಡುತ್ತವೆ.

ಇದೇ ಬೋರಾಮಣಿಗೆ ದೊಡ್ಡ ವಿಮಾನ ನಿಲ್ದಾಣ ತರುವ ಮಾತು ವರ್ಷಗಟ್ಟಲೆ ನಡೆದು, ಅದಕ್ಕೆ ಬೇಕಾದ ಸುಮಾರು 33 ಹೆಕ್ಟೇರ್ ಅರಣ್ಯದ ಜಾಗದ ಬಳಿ ಸಿಕ್ಕಿಕೊಂಡಿತು. 2024ರಲ್ಲಿ ಉದ್ಘಾಟನೆಯಾದದ್ದು ಸೋಲಾಪುರ ನಗರದ ಹಳೆಯ ನಿಲ್ದಾಣದ ಹೊಸ ರೂಪ. ಅಭಿವೃದ್ಧಿ ಬೇಡವೆನ್ನುವ ಹಕ್ಕು ಪ್ರವಾಸಿಗನಿಗಿಲ್ಲ, ನಿಜ. ಆದರೆ ಮಡ್ಡಿಯಿಂದಲೂ ಊರಿಗೆ ನಾಲ್ಕು ಕಾಸು ಬರುತ್ತದೆಂದು ತೋರಿಸಿದರೆ ಅದನ್ನು ಬೀಳು ಎನ್ನುವವರು ಕಡಿಮೆಯಾದಾರು. ಪುಣೆ ಜಿಲ್ಲೆಯ ಕಡಬನವಾಡಿ, ಶಿರ್ಸುಫಳದಲ್ಲಿ ಅರಣ್ಯ ಇಲಾಖೆ 2024ರಲ್ಲಿ ಹುಲ್ಲುಗಾವಲು ಸಫಾರಿ ಶುರು ಮಾಡಿ ಸ್ಥಳೀಯರನ್ನೇ ಮಾರ್ಗದರ್ಶಿಗಳನ್ನಾಗಿ ತೊಡಗಿಸಿತು. ಸೋಲಾಪುರದ ಸೀಮೆಯಲ್ಲೂ ಇಂಥದು ಬೇರೂರಬೇಕಾದರೆ ಮಾರ್ಗದರ್ಶಿಗಳ ಪಟ್ಟಿಯಲ್ಲಿ ಮೊದಲು ಕುರಿಗಾಹಿಗಳ ಹೆಸರು ಬರಲಿ, ಮರಾಠಿಯ ಜೊತೆ ಕನ್ನಡ ಬಲ್ಲವರೂ ಇರಲಿ. ಕಲಬುರಗಿಯಿಂದ ರೈಲಿನಲ್ಲಿ ಸೋಲಾಪುರ ಎರಡು ತಾಸಿನ ದಾರಿ. ಈ ಚಳಿಗಾಲಕ್ಕೆ ನಾಲ್ವರು ಗೆಳೆಯರು ಸೇರಿ ಒಂದು ಅರ್ಜಿ ಬರೆಯಿರಿ.