ಭೇದಿಯಾದ ಮಗುವಿಗೆ ನೀರು ನಿಲ್ಲಿಸಬೇಡಿ



ನಿಮ್ಮ ಮನೆಯಲ್ಲಿ ಒಂದೂವರೆ ವರ್ಷದ ತಮ್ಮನೋ, ಅಕ್ಕನ ಮಗುವೋ ಇದೆ ಎಂದುಕೊಳ್ಳಿ. ಬೆಳಿಗ್ಗೆಯಿಂದ ನಾಲ್ಕು ಸಲ ನೀರಿನಂತೆ ಭೇದಿಯಾಗಿದೆ, ಎರಡು ಸಲ ವಾಂತಿಯೂ ಆಗಿದೆ. ಮಗು ನೀರು ಬೇಕೆಂದು ಅಳುತ್ತಿದೆ. "ನೀರು ಕೊಟ್ಟರೆ ಇನ್ನಷ್ಟು ಹೋಗುತ್ತದೆ, ಹೊಟ್ಟೆ ಸ್ವಲ್ಪ ಒಣಗಲಿ" ಎಂದು ಮನೆಯ ಹಿರಿಯರೊಬ್ಬರು ಹೇಳುತ್ತಾರೆ. ಅವರಿಗೆ ಮಗುವಿನ ಮೇಲೆ ಪ್ರೀತಿ ಇಲ್ಲವೆಂದಲ್ಲ. ಆದರೆ ಈ ಒಂದು ಮಾತಿನಿಂದ ಮಗುವಿನ ಪ್ರಾಣಕ್ಕೇ ಅಪಾಯ ಬರಬಹುದು. ಏಕೆ ಎಂಬುದನ್ನು ತಿಳಿದುಕೊಂಡರೆ ನೀವೇ ತಂದೆತಾಯಿಗೆ ನೆರವಾಗಬಹುದು.

ಅಪಾಯ ಎಲ್ಲಿದೆ?

ಒಂದು ದಿನದಲ್ಲಿ ಮೂರು ಅಥವಾ ಅದಕ್ಕಿಂತ ಹೆಚ್ಚು ಸಲ ತೆಳ್ಳಗೆ, ನೀರಾಗಿ ಹೋದರೆ ಅದನ್ನು ಅತಿಸಾರ ಭೇದಿ ಎನ್ನುತ್ತಾರೆ. ಇದಕ್ಕೆ ಕಾರಣ ಸಾಮಾನ್ಯವಾಗಿ ರೋಟಾ ವೈರಸ್‌ನಂಥ ವೈರಾಣುಗಳು, ಕೆಲವು ಸಲ ಬ್ಯಾಕ್ಟೀರಿಯಾಗಳು. ಹಲ್ಲು ಹುಟ್ಟುವುದರಿಂದ ಇಂಥ ಭೇದಿ ಆಗುತ್ತದೆ ಎಂದು ಸುಮ್ಮನಿರುವುದು ಸರಿಯಲ್ಲ. ಹೆಚ್ಚಿನ ಭೇದಿಗಳು ಕೆಲವು ದಿನಗಳಲ್ಲಿ ತಾವಾಗಿಯೇ ನಿಲ್ಲುತ್ತವೆ. ಆದರೆ ಅಷ್ಟರೊಳಗೆ ದೇಹದಿಂದ ನೀರು ಮತ್ತು ಲವಣಗಳು ಸೋರಿಹೋಗುತ್ತವೆ. ಅಪಾಯವಿರುವುದು ಇಲ್ಲಿಯೇ. ಇದಕ್ಕೆ ನಿರ್ಜಲೀಕರಣ ಎಂದು ಹೆಸರು.

ಹುಟ್ಟಿದ ಮಗುವಿನ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ನೀರೇ. ಮಗುವಿನ ಮೈ ಚಿಕ್ಕದು. ದೊಡ್ಡವರಿಗೆ ಲೆಕ್ಕಕ್ಕೆ ಬಾರದಷ್ಟು ನೀರು ಹೋದರೂ ಮಗುವಿಗೆ ಅದು ದೊಡ್ಡ ನಷ್ಟ. ಮೊದಲು ಬಾಯಾರಿಕೆ, ಚಡಪಡಿಕೆ. ಆಮೇಲೆ ಬಾಯಿ ಒಣಗುತ್ತದೆ, ಮೂತ್ರ ಕಡಿಮೆಯಾಗುತ್ತದೆ, ಅತ್ತರೂ ಕಣ್ಣೀರು ಬರುವುದಿಲ್ಲ, ಕಣ್ಣು ಒಳಗೆ ಹೋಗುತ್ತದೆ. ಹಸುಳೆಗಳಲ್ಲಿ ನೆತ್ತಿಯ ಮೆತ್ತನೆಯ ಭಾಗ ಕುಸಿದಂತೆ ಕಾಣುತ್ತದೆ. ಹೊಟ್ಟೆಯ ಮೇಲಿನ ಚರ್ಮವನ್ನು ಮೆಲ್ಲಗೆ ಚಿವುಟಿ ಬಿಟ್ಟರೆ ಅದು ನಿಧಾನವಾಗಿ ಮೊದಲಿನಂತಾಗುತ್ತದೆ.

ಸಕ್ಕರೆ ಏಕೆ, ಉಪ್ಪು ಏಕೆ?

ಬರಿಯ ನೀರು ಕೊಟ್ಟರೆ ಸಾಲದೇ ಎಂದು ನೀವು ಕೇಳಬಹುದು. ಭೇದಿಯಲ್ಲಿ ನೀರಿನ ಜೊತೆಗೆ ಲವಣಗಳೂ ಹೋಗಿರುತ್ತವೆ. ಅವನ್ನೂ ತುಂಬಿಕೊಡಬೇಕು. ಬರಿಯ ಉಪ್ಪುನೀರನ್ನು ಕೊಟ್ಟರೆ ಕಾಯಿಲೆಯ ಕರುಳು ಅದನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಆದರೆ ಕರುಳಿನ ಒಳಗೋಡೆಯ ಜೀವಕೋಶಗಳಲ್ಲಿ ಒಂದು ವಿಶೇಷ ಬಾಗಿಲಿದೆ. ಗ್ಲೂಕೋಸ್ ಮತ್ತು ಸೋಡಿಯಂ ಜೊತೆಯಾಗಿ ಬಂದಾಗ ಈ ಬಾಗಿಲು ಎರಡನ್ನೂ ಒಳಗೆ ಸೇರಿಸಿಕೊಳ್ಳುತ್ತದೆ. ಅವುಗಳ ಹಿಂದೆಯೇ ನೀರೂ ಒಳಗೆ ಹೋಗುತ್ತದೆ. ಕಾಲರಾದಂಥ ಘೋರ ಭೇದಿಯಲ್ಲೂ ಈ ಬಾಗಿಲು ಕೆಲಸ ಮಾಡುತ್ತಲೇ ಇರುತ್ತದೆ. ಗ್ಲೂಕೋಸ್ ಮತ್ತು ಸೋಡಿಯಂಗಳ ಈ ಜೊತೆ ಪಯಣವನ್ನು ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ 1960ರಲ್ಲಿ ವಿವರಿಸಿದರು.

ಹಾಗೆಂದು ಸಕ್ಕರೆ ಹೆಚ್ಚಾದರೆ ಒಳ್ಳೆಯದಲ್ಲ. ನಿಮ್ಮ ಜೀವಶಾಸ್ತ್ರದ ಪಾಠದಲ್ಲಿ ಬರುವ ಆಸ್ಮಾಸಿಸ್ ಅನ್ನು ನೆನಪಿಸಿಕೊಳ್ಳಿ. ಕರುಳಿನಲ್ಲಿ ಸಕ್ಕರೆ ಅತಿಯಾದರೆ ದೇಹದ ನೀರೇ ಕರುಳಿಗೆ ಇಳಿದು ಭೇದಿ ಹೆಚ್ಚುತ್ತದೆ. ಬಾಟಲಿಯ ಸಿಹಿ ಪಾನೀಯಗಳು, ಪೆಟ್ಟಿಗೆಯ ಹಣ್ಣಿನ ರಸಗಳು ಭೇದಿಗೆ ಔಷಧವಲ್ಲ ಎನ್ನುವುದು ಇದಕ್ಕಾಗಿಯೇ.

ಬನಗಾಂವ್‌ನ ಡ್ರಮ್ಮುಗಳು

ಈ ತಿಳಿವಳಿಕೆ ಜನರ ಜೀವ ಉಳಿಸಿದ್ದು ನಮ್ಮ ದೇಶದಲ್ಲೇ. 1971ರ ಬಾಂಗ್ಲಾ ವಿಮೋಚನಾ ಯುದ್ಧದ ಕಾಲದಲ್ಲಿ ಲಕ್ಷಾಂತರ ನಿರಾಶ್ರಿತರು ಪಶ್ಚಿಮ ಬಂಗಾಳಕ್ಕೆ ಬಂದರು. ಗಡಿಯ ಬನಗಾಂವ್ ಊರಿನಲ್ಲಿ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಏರಿಸುವ ಸಲೈನ್ ಮುಗಿಯುತ್ತ ಬಂತು. ಆಗ ಮಕ್ಕಳ ವೈದ್ಯ ಡಾ. ದಿಲೀಪ್ ಮಹಾಲನಬಿಸ್ ಅವರು ಗ್ಲೂಕೋಸ್, ಅಡಿಗೆ ಉಪ್ಪು ಮತ್ತು ಅಡಿಗೆ ಸೋಡಾಗಳನ್ನು ಅಳತೆಯಿಂದ ನೀರಿನಲ್ಲಿ ಕರಗಿಸಿ ಡ್ರಮ್ಮುಗಳಲ್ಲಿ ಇಡಿಸಿದರು. ರೋಗಿಗಳ ಮನೆಯವರೇ ಲೋಟಗಳಲ್ಲಿ ಹಿಡಿದು ಕುಡಿಸಿದರು. ಸುಮಾರು ಶೇಕಡಾ 30ರಷ್ಟಿದ್ದ ಸಾವಿನ ಪ್ರಮಾಣ, ಈ ರೀತಿ ಚಿಕಿತ್ಸೆ ಪಡೆದವರಲ್ಲಿ ಶೇಕಡಾ 3.6ಕ್ಕೆ ಇಳಿಯಿತು. 2022ರಲ್ಲಿ ತೀರಿಕೊಂಡ ಅವರಿಗೆ 2023ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣ ಘೋಷಿಸಲಾಯಿತು.

ಬನಗಾಂವ್ ಕಲಿಸಿದ ಪಾಠವಿದು: ಚಿಕಿತ್ಸೆಯನ್ನು ತಾಯಿ, ಅಜ್ಜಿ, ಅಣ್ಣ, ಅಕ್ಕ ಯಾರು ಬೇಕಾದರೂ ಮನೆಯಲ್ಲೇ ಆರಂಭಿಸಬಹುದು.

ಜೀವಜಲ ಮಾಡುವ ವಿಧಾನ

ಅಳತೆಗಳು ಮರೆತುಹೋಗುವಂಥವು. ಈ ಭಾಗವನ್ನು ಬರೆದಿಟ್ಟುಕೊಳ್ಳಿ.

ಓ.ಆರ್.ಎಸ್. ಪೊಟ್ಟಣಗಳು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಆಶಾ ಕಾರ್ಯಕರ್ತೆಯರ ಬಳಿ, ಔಷಧಿ ಅಂಗಡಿಗಳಲ್ಲಿ ಸಿಗುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ದೊಡ್ಡ ಪೊಟ್ಟಣದಲ್ಲಿ 20.5 ಗ್ರಾಂ ಪುಡಿ ಇರುತ್ತದೆ. ಅದು ಒಂದು ಲೀಟರ್ ನೀರಿಗೆ. ಒಂದು ಲೋಟ, ಅಂದರೆ 200 ಮಿಲಿಲೀಟರ್ ನೀರಿಗೆ ಹೊಂದುವ ಚಿಕ್ಕ ಪೊಟ್ಟಣಗಳೂ ಇವೆ. ಆದ್ದರಿಂದ ಪೊಟ್ಟಣದ ಮೇಲೆ ಬರೆದಿರುವುದನ್ನು ಮೊದಲು ಓದಬೇಕು. ದೊಡ್ಡ ಪೊಟ್ಟಣವನ್ನು ಒಂದೇ ಲೋಟ ನೀರಿಗೆ ಹಾಕಿದರೆ ಉಪ್ಪು ಅತಿಯಾಗಿ ಮಗುವಿಗೆ ಅಪಾಯವಾಗುತ್ತದೆ.

ಕೈಯನ್ನು ಸೋಪಿನಿಂದ ತೊಳೆದು, ಕುದಿಸಿ ಆರಿಸಿದ ನೀರಿಗೆ ಪೂರ್ತಿ ಪುಡಿ ಹಾಕಿ ಕಲಕಿ. ಹಾಲು, ಹಣ್ಣಿನ ರಸ, ಹೆಚ್ಚಿನ ಸಕ್ಕರೆ ಸೇರಿಸಬೇಡಿ. ಮುಚ್ಚಿಡಿ. 24 ಗಂಟೆಯ ನಂತರ ಉಳಿದದ್ದನ್ನು ಚೆಲ್ಲಿ ಹೊಸದಾಗಿ ಮಾಡಿಕೊಳ್ಳಿ.

ಪೊಟ್ಟಣ ಸಿಗದಿದ್ದಾಗ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ ಕರಗಿಸಿ. ಚಮಚವನ್ನು ಗೋಪುರದಂತೆ ತುಂಬದೆ ಸಮಮಟ್ಟಕ್ಕೆ ಸವರಿ ಅಳೆಯಬೇಕು.

ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲ ಭೇದಿಯಾದ ಮೇಲೆ 50ರಿಂದ 100 ಮಿಲಿಲೀಟರ್, ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200 ಮಿಲಿಲೀಟರ್ ಕೊಡಬೇಕು. ಚಿಕ್ಕ ಮಗುವಿಗೆ ಚಮಚದಲ್ಲಿ, ದೊಡ್ಡ ಮಗುವಿಗೆ ಲೋಟದಲ್ಲಿ ಗುಟುಕು ಗುಟುಕಾಗಿ ಕುಡಿಸಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಇನ್ನಷ್ಟು ನಿಧಾನವಾಗಿ ಕೊಡಿ. ಜೀವಜಲ ಭೇದಿಯನ್ನು ತಕ್ಷಣ ನಿಲ್ಲಿಸುವುದಿಲ್ಲ. ಹೋದ ನೀರನ್ನು ತುಂಬಿಕೊಡುತ್ತದೆ. ಇದನ್ನು ತಿಳಿಯದೆ ಎಷ್ಟೋ ಮಂದಿ "ಗುಣ ಕಾಣಲಿಲ್ಲ" ಎಂದು ಕೈಬಿಡುತ್ತಾರೆ.

ಊಟ, ಔಷಧ

ತಾಯಿಯ ಹಾಲನ್ನು ಎಂದಿಗೂ ನಿಲ್ಲಿಸಬಾರದು. ಆರು ತಿಂಗಳು ದಾಟಿದ ಮಗುವಿಗೆ ಅನ್ನದ ಗಂಜಿ, ಬೇಳೆಕಟ್ಟು, ಮೊಸರನ್ನ, ಮಜ್ಜಿಗೆ, ಬಾಳೆಹಣ್ಣು ಕೊಡಬಹುದು. ಭೇದಿಗೆ ಗಂಜಿ ಕೊಡುವ ನಮ್ಮ ಹಿರಿಯರ ರೂಢಿ ಸರಿಯಾದದ್ದೇ. ಗಂಜಿಯ ಪಿಷ್ಟ ಜೀರ್ಣವಾಗುವಾಗ ಗ್ಲೂಕೋಸ್ ಬಿಡುಗಡೆಯಾಗುತ್ತದೆ, ಜೊತೆಗಿರುವ ಉಪ್ಪು ಆ ಬಾಗಿಲನ್ನು ಸೇರುತ್ತದೆ. ಗುಣವಾದ ಮೇಲೆ ಎರಡು ವಾರ ದಿನಕ್ಕೆ ಒಂದು ಊಟ ಹೆಚ್ಚು ಕೊಟ್ಟರೆ ಇಳಿದ ತೂಕ ಮರಳುತ್ತದೆ.

ಇದರ ಜೊತೆಗೆ ವೈದ್ಯರು ಸತುವಿನ ಮಾತ್ರೆ ಕೊಡುತ್ತಾರೆ. ಆರು ತಿಂಗಳೊಳಗಿನ ಮಗುವಿಗೆ ದಿನಕ್ಕೆ 10 ಮಿಲಿಗ್ರಾಂ, ದೊಡ್ಡ ಮಕ್ಕಳಿಗೆ 20 ಮಿಲಿಗ್ರಾಂ. ಭೇದಿ ನಿಂತರೂ ಇದನ್ನು ಅವರು ಹೇಳಿದಷ್ಟು ದಿನ ಪೂರ್ತಿ ಕೊಡಬೇಕು. ಭೇದಿ ಕಟ್ಟಿಸುವ ಮಾತ್ರೆಗಳನ್ನು ಚಿಕ್ಕ ಮಕ್ಕಳಿಗೆ ಕೊಡಬಾರದು. ಆಂಟಿಬಯಾಟಿಕ್ ಬೇಕೋ ಬೇಡವೋ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು.

ಮಲದಲ್ಲಿ ರಕ್ತ ಕಂಡರೆ, ಮಗು ಕುಡಿಯಲಾರದಿದ್ದರೆ, ಕುಡಿದದ್ದೆಲ್ಲ ವಾಂತಿಯಾದರೆ, ಮಂಕಾಗಿ ಮಲಗಿಬಿಟ್ಟರೆ, ಆರು ಗಂಟೆ ಕಳೆದರೂ ಮೂತ್ರ ಹೋಗದಿದ್ದರೆ, ಜ್ವರ ಜೋರಾಗಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಎರಡು ತಿಂಗಳೊಳಗಿನ ಹಸುಳೆಯಾದರೆ ಇವುಗಳಿಗೆ ಕಾಯದೆ ವೈದ್ಯರಿಗೆ ತೋರಿಸಬೇಕು. ದಾರಿಯುದ್ದಕ್ಕೂ ಎಚ್ಚರವಿರುವ ಮಗುವಿಗೆ ಜೀವಜಲ ಕುಡಿಸುತ್ತಿರಿ.

ಬಾರದಂತೆ ತಡೆಯುವುದು

ಮಲವಿಸರ್ಜನೆಯ ನಂತರ, ಅಡಿಗೆಗೆ ಮುಂಚೆ, ಮಗುವಿಗೆ ಉಣಿಸುವ ಮುಂಚೆ ಸೋಪಿನಿಂದ ಕೈ ತೊಳೆಯಬೇಕು. ಮೊದಲ ಆರು ತಿಂಗಳು ತಾಯಿಯ ಹಾಲು ಬಿಟ್ಟು ಬೇರೇನೂ ಬೇಡ. ರೋಟಾ ವೈರಸ್ ಲಸಿಕೆ 2016ರಿಂದ ನಮ್ಮ ದೇಶದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಸೇರುತ್ತ ಬಂದಿದೆ. ಇದನ್ನು 6, 10 ಮತ್ತು 14 ವಾರಗಳಲ್ಲಿ ಹಾಕಿಸುತ್ತಾರೆ.

ಇನ್ನು ಮನೆಯಲ್ಲಿ ನೀರು ಬೇಡ ಎನ್ನುವ ಅಜ್ಜಿಗೆ ಏನು ಹೇಳುವುದು? ವಾದಕ್ಕೆ ಇಳಿಯಬೇಡಿ. "ಅಜ್ಜಿ, ಹೋದ ನೀರನ್ನು ತುಂಬಿಕೊಡದಿದ್ದರೆ ಮಗು ಸೋಲುತ್ತದೆ. ನೀವು ಗಂಜಿ ಮಾಡಿ, ನಾನು ಇದನ್ನು ಅಳೆದು ಕಲಸುತ್ತೇನೆ" ಎನ್ನಿ. ಪೊಟ್ಟಣದ ಮೇಲಿನ ಅಕ್ಷರವನ್ನು ಓದಿ, ಒಂದು ಲೀಟರನ್ನು ಸರಿಯಾಗಿ ಅಳೆಯುವ ಕೆಲಸಕ್ಕೆ ಆ ಮನೆಯಲ್ಲಿ ನಿಮಗಿಂತ ತಕ್ಕವರು ಯಾರಿದ್ದಾರೆ?