ಕೆರೆ ಪಕ್ಕ ಮನೆ ಸರಿ, ನೆರೆಯವರು?

ನಿವೃತ್ತಿ ಆದ್ಮೇಲೆ ಕೆರೆ ಇರೋ ಹಳ್ಳೀಲಿ ಇರ್ಬೇಕು ಅಂತ ಆಸೇನಾ?
ಕೆರೆ ನೋಡಿದ್ರಿ. ಸೈಟ್ ನೋಡಿದ್ರಿ.
ಅಕ್ಕಪಕ್ಕದವರನ್ನ ನೋಡಿದ್ರಾ?

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ಇರಲಿ,
ಸಖರಾಯಪಟ್ಟಣದ ಅಯ್ಯನಕೆರೆ ಇರಲಿ,
ಪೇಟೆಯಿಂದ ಹೋದ ನಮಗೆ ಅದು ಚೆಂದದ ನೋಟ.
ಊರವರಿಗೆ ಅದೇ ಗದ್ದೆ ನೀರು, ದನದ ನೀರು, ಮೀನು.
ಇಷ್ಟು ಅರ್ಥ ಆದ್ರೆ ಅರ್ಧ ಸ್ನೇಹ ಆದ ಹಾಗೇ.

ಮೊದಲು ಬಾಡಿಗೆಗೆ ಇರಿ.
ಒಂದು ಮಳೆಗಾಲ, ಒಂದು ಬೇಸಿಗೆ.
ಬೆಳಿಗ್ಗೆ ಹಾಲಿನ ಡೈರಿ ಹತ್ತಿರ ಹೋಗಿ ನಿಂತ್ಕೊಳ್ಳಿ.
ಯಾರ ಹಸು ಕರು ಹಾಕ್ತು,
ಯಾರ ಮನೇಲಿ ಹುಷಾರಿಲ್ಲ,
ಎಲ್ಲಾ ಅಲ್ಲೇ ಗೊತ್ತಾಗೋದು.

ಊರಲ್ಲಿ ನೀರುಗಂಟಿ ಇದ್ರೆ ಪರಿಚಯ ಮಾಡ್ಕೊಳ್ಳಿ.
ತೂಬು ಎತ್ತಿ ಗದ್ದೆಗೆ ನೀರು ಬಿಡೋರು ಅವರು.
ಕೆರೆ ಕೆಳಗಿನ ಒಂದೊಂದು ಮನೆಯೂ ಅವರಿಗೆ ಗೊತ್ತು.

ನೆರೆಹೊರೆ ಅನ್ನೋದು ಹಾಲಿಗೆ ಹಾಕೋ ಹೆಪ್ಪಿನ ಹಾಗೆ.
ಸ್ವಲ್ಪ ಸಾಕು.
ಆದ್ರೆ ಕದಡದೆ ಬಿಡ್ಬೇಕು.
ಬಂದ ವಾರವೇ ಊರಿಗೆ ಬುದ್ಧಿ ಹೇಳೋಕೆ ಹೋಗ್ಬೇಡಿ.

ಇನ್ನೊಂದು ಮಾತು, ತುಂಬಾ ಮುಖ್ಯ.
ಕಾಂಪೌಂಡ್ ಕಟ್ಟೋ ಮುಂಚೆ ಕೇಳಿ:
ದನ ಕೆರೆಗೆ ಇಳಿಯೋ ದಾರಿ ಯಾವುದು?
ಅದನ್ನ ಮುಚ್ಚಿದ್ರೆ,
ಎಷ್ಟು ಸಿಹಿ ಹಂಚಿದ್ರೂ ಊರು ಹತ್ತಿರ ಬರಲ್ಲ.
ಬಿಟ್ಟುಕೊಟ್ರೆ,
ದನ ಹೊಡ್ಕೊಂಡು ಹೋಗೋರೇ ನಿಂತು ಮಾತಾಡಿಸ್ತಾರೆ.

ಕೆರೆ ಕೋಡಿ ಬಿದ್ದಾಗ ಊರವರು ಬಾಗಿನ ಕೊಡ್ತಾರೆ.
ಕರೀಲಿ ಅಂತ ಕಾಯ್ಬೇಡಿ.
ಮುಂಚೇನೇ ಹೋಗಿ,
ಏನು ಕೆಲಸ ಮಾಡ್ಲಿ ಅಂತ ಕೇಳಿ.